ಬೀಳದೆ ಉಳಿದ ಸದ್ದು

ಮಿಲ್ಲು ನಿಂತ ದಿನಗಳಲ್ಲಿ ಅವಳಿಗೆ ತನ್ನ ಮೈ ತನ್ನದಲ್ಲವೆನಿಸುತ್ತಿತ್ತು. ಅಂಗಾಲಿನಿಂದ ಹತ್ತಿ ಮೊಣಕಾಲು, ಸೊಂಟ, ಪಕ್ಕೆಲುಬು ದಾಟಿ ಹಲ್ಲಿನ ಬೇರಿನವರೆಗೂ ಬರುತ್ತಿದ್ದ ಆ ಸಣ್ಣ ನಡುಕ ಇಲ್ಲದೆ ಹೋದರೆ, ಕಂಟ್ರೋಲ್ ರೂಮಿನ ಕುರ್ಚಿಯ ಮೇಲೆ ಕೂತಿರುವುದು ತಾನೋ ಯಾರೋ ಬಿಟ್ಟುಹೋದ ಚೀಲವೋ ತಿಳಿಯುತ್ತಿರಲಿಲ್ಲ. ಗಾಜಿನಾಚೆ ಮಿಲ್ಲು ಮಲಗಿತ್ತು. ಎರಡು ತುದಿಯಲ್ಲೂ ಕಾಂಕ್ರೀಟು ಕಟ್ಟೆಗಳ ಮೇಲೆ ಕುತ್ತಿಗೆ ಊರಿಕೊಂಡು ಅಡ್ಡಲಾಗಿ ಬಿದ್ದಿರುವ ಉಕ್ಕಿನ ಡ್ರಮ್ಮು. ಒಂದು ಸಂಸಾರ ಒಳಗೆ ಗೋಡೆ ಎಬ್ಬಿಸಿ, ಕೋಣೆ ಮಾಡಿ, ಬಾಳಿ ಬದುಕಬಹುದಾದಷ್ಟು ದೊಡ್ಡದು. ಅದರ ಹೊಟ್ಟೆಯ ಅರ್ಧಕ್ಕಿಂತ ತುಸು ಕಡಿಮೆ ಜಾಗದಲ್ಲಿ ಉಕ್ಕಿನ ಗುಂಡುಗಳು ತುಂಬಿದ್ದವು. ಡ್ರಮ್ಮು ಉರುಳಿದಂತೆ ಗುಂಡುಗಳು ಗೋಡೆ ಹತ್ತಿ, ಮೇಲಿಂದ ಕಲ್ಲಿನ ಮೇಲೆ ಬಿದ್ದು, ಗುಡ್ಡದ ಕಲ್ಲನ್ನು ಹಿಟ್ಟು ಮಾಡುತ್ತಿದ್ದವು. ಒಂದು ಬಾಯಲ್ಲಿ ಕಲ್ಲೂ ನೀರೂ ಹೋಗಿ ಇನ್ನೊಂದು ಬಾಯಲ್ಲಿ ಬೂದುಬಣ್ಣದ ರಾಡಿ ಬರುತ್ತಿತ್ತು. ಕೆಲಸದವರು ಅದನ್ನು ದೊಡ್ಡಮ್ಮ ಎನ್ನುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿದ್ದ ಸಣ್ಣ ಮಿಲ್ಲು ಚಿಕ್ಕಮ್ಮ. ದೊಡ್ಡಮ್ಮನಿಗೆ ಹೊಟ್ಟೆ ಜಾಸ್ತಿ, ಚಿಕ್ಕಮ್ಮನಿಗೆ ಬಾಯಿ ಜಾಸ್ತಿ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ತಾನೊಬ್ಬಳೇ ಇದ್ದಾಗ ಅವಳು ಅದನ್ನು ಯಾವ ಹೆಸರಿನಿಂದಲೂ ಕರೆದವಳಲ್ಲ. ಇಷ್ಟು ವರ್ಷ ಅದನ್ನು ಎಬ್ಬಿಸಿ, ಓಡಿಸಿ, ಮಲಗಿಸಿದ್ದು ತಾನೇ ಆದರೂ ಒಳಗೆ ಹೇಗಿದೆಯೆಂದು ಕಂಡವಳಲ್ಲ. ಆಪರೇಟರಿಗೆ ಒಳಗೇನು ಕೆಲಸ? ಅವಳಿಗೆ ಗೊತ್ತಿದ್ದದ್ದು ಸದ್ದು ಮಾತ್ರ.

ಆ ಸದ್ದಿನಿಂದಲೇ ಅವಳಿಗೆ ಕಿವಿಯಕ್ಕ ಎಂಬ ಹೆಸರು ಬಂದಿತ್ತು. ಮೀಟರಿನ ಮುಳ್ಳು ಅಲುಗುವ ಮೊದಲೇ ಅವಳು ತಲೆ ಎತ್ತುತ್ತಿದ್ದಳು. ಕಲ್ಲು ಕಡಿಮೆಯಾದರೆ ಗುಂಡು ಗೋಡೆಗೆ ಹೊಡೆಯುವ ಒಣ ಸದ್ದು, ಹೆಚ್ಚಾದರೆ ಕಂಬಳಿ ಹೊದ್ದು ಗೊಣಗಿದಂಥ ಸದ್ದು, ಒಳಪದರದ ಉಕ್ಕಿನ ಹಲಗೆಯೊಂದು ಸಡಿಲಾದರೆ ಪ್ರತಿ ಸುತ್ತಿಗೂ ಒಮ್ಮೆ, ಯಾರೋ ನಾಲಿಗೆಯಲ್ಲಿ ಲೊಚಗುಟ್ಟಿದ ಹಾಗೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಳೆ ಮಗುವಿನ ತಾಯಿಗೆ ಅಳುವಿನ ಅರ್ಥ ಹೇಗೆ ತಿಳಿಯುತ್ತದೋ ಹಾಗೆ ತಿಳಿದಿತ್ತು. ತಿಳಿದಿತ್ತು, ಎಂದು ಅವಳು ಈಗ ಮನಸ್ಸಿನಲ್ಲೇ ಒತ್ತಿ ಹೇಳಿಕೊಂಡಳು. ಆ ಮಾತಿಗೆ ಹಳತಾದ ವಾಸನೆ ಬಂದಿತು.

ಒಳಪದರದ ಹಲಗೆಗಳು ಸವೆದಿದ್ದವು. ಹೊಸವು ಬರುವುದು ತಡವಾಗಿ ಮಿಲ್ಲು ಕೆಲವು ದಿನ ಸುಮ್ಮನೆ ನಿಂತಿತ್ತು. ಈ ಬೆಳಿಗ್ಗೆ ಲಾರಿ ಬಂದಿತ್ತು. ಕೆಲಸದವರು ಒಳಗಿಳಿಯುವ ಮೊದಲು ಅವಳು ನಿಧಾನದ ಮೋಟಾರು ಹಾಕಿ ಡ್ರಮ್ಮನ್ನು ಒಂದು ಸುತ್ತು ಉರುಳಿಸಬೇಕು. ಒಳಗಿನ ಗುಂಡುಗಳೆಲ್ಲ ಉರುಳಿ ಬಂದು ತಳದಲ್ಲಿ ಸಮನಾಗಿ ಕೂರಬೇಕು. ಆಳು ನುಗ್ಗುವ ಕಿಂಡಿ ಮೆಟ್ಟಿಲಿನ ನೇರಕ್ಕೆ ಬಂದು ನಿಲ್ಲಬೇಕು. ಆಮೇಲೆ ಬ್ರೇಕು, ಬ್ರೇಕಿನ ಮೇಲೆ ಉಕ್ಕಿನ ಗೂಟ. ಕೊನೆಗೆ ಮೇನ್ ಸ್ವಿಚ್ ಆರಿಸಿ, ಒಳಗೆ ಹೋಗುವ ಪ್ರತಿಯೊಬ್ಬರೂ, ಜೊತೆಗೆ ಆಪರೇಟರೂ, ಅದಕ್ಕೆ ತಮ್ಮ ತಮ್ಮ ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಳ್ಳಬೇಕು. ಎಲ್ಲ ಆಗಿತ್ತು. ಬೀಗಗಳು ಬಿದ್ದ ಮೇಲೆ ಅವಳು ಎಲ್ಲರೆದುರು ಸ್ಟಾರ್ಟ್ ಗುಂಡಿ ಒತ್ತಿ ತೋರಿಸಿದ್ದಳು. ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ಎಲ್ಲರೂ ಒಂದು ಕ್ಷಣ ನಿಂತು ಕೇಳಿದ್ದರು. ನಂತರ ಗುಂಪು ಕಿಂಡಿಯತ್ತ ಹೊರಟಿತು, ಮುಂದೆ ಫಿಟ್ಟರು, ಅಂದರೆ ಅವಳ ಗಂಡ, ಹಿಂದೆ ವೆಲ್ಡರು, ಅಂದರೆ ಅವಳ ನಾದಿನಿಯ ಗಂಡ, ಅವನ ಹಿಂದೆ ಉಳಿದವರು. ಗಂಡ ಹೋಗುವಾಗ ಗಾಜಿನತ್ತ ತಿರುಗಲಿಲ್ಲ. ಅವಳೂ ತಿರುಗಿರಲಿಲ್ಲ, ಆದರೆ ಅವನು ತಿರುಗಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಈಗ ಒಬ್ಬಳೇ ಕೂತು, ಆರಿದ ದೀಪಗಳ ಪ್ಯಾನೆಲ್ಲನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಾಗ, ಏನೋ ಕಡಿಮೆಯಾಯಿತಲ್ಲ ಎನಿಸಿತು. ಏನು ಕಡಿಮೆ? ಬಟ್ಟೆ ನಿಂತಿತು. ಡ್ರಮ್ಮು ಉರುಳುವಾಗ ಗುಂಡುಗಳು ಬಿದ್ದಿದ್ದವು. ಬಿದ್ದದ್ದು ನಿಜ, ಅವಳು ಕೇಳಿದ್ದಳು, ಜಲ್ಲಿ ಗಾಡಿ ಖಾಲಿ ಮಾಡಿದ ಹಾಗೆ ಗಳಗಳ ಸುರಿದಿತ್ತು. ಆದರೆ ಅದು ಪೂರಾ ಸದ್ದೇ? ಮಿಲ್ಲು ಹೊಟ್ಟೆ ಹೊರಳಿಸಿದರೆ ಕಿಟಕಿಯ ಗಾಜು ಝುಂ ಎನ್ನಬೇಕು. ನೀರಿನ ಬಾಟಲಿಯಲ್ಲಿ ಉಂಗುರ ಏಳಬೇಕು. ಎದ್ದಿತ್ತೇ? ಅವಳು ನೋಡಿರಲಿಲ್ಲ. ಆ ಹೊತ್ತಿನಲ್ಲಿ ಅವಳ ಕಣ್ಣು ಗಂಡನ ಬೆನ್ನಿನ ಮೇಲಿತ್ತು. ಅವನು ಎಂಜಿನಿಯರೊಂದಿಗೆ ಏನೋ ಹೇಳಿ ನಗುತ್ತಿದ್ದ. ಮನೆಯಲ್ಲಿ ಇಷ್ಟು ದಿನ ಮುಖ ಗಂಟುಹಾಕಿಕೊಂಡು ಓಡಾಡಿದವನಿಗೆ ಇಲ್ಲಿ ನಗು ಎಲ್ಲಿಂದ ಬಂತು ಎಂದು ಅವಳು ಉರಿದುಕೊಳ್ಳುತ್ತಿದ್ದಳು. ಉರಿಯುತ್ತಲೇ ಗುಂಡಿ ಒತ್ತಿದ್ದಳು, ಉರಿಯುತ್ತಲೇ ಬಿಟ್ಟಿದ್ದಳು. ನಿಧಾನದ ಮೋಟಾರಿಗೆ ಮೀಟರ್ ಇಲ್ಲ. ಅದರ ಮೀಟರು ಇವಳ ಕಿವಿಯೇ.

ನಿಂತ ಮಿಲ್ಲಿನಲ್ಲಿ ರಾಡಿ ಒಣಗಿದರೆ ಗುಂಡುಗಳನ್ನು ಹಿಡಿದುಕೊಳ್ಳುತ್ತದೆ, ಸಿಮೆಂಟು ಕಲ್ಲನ್ನು ಹಿಡಿದ ಹಾಗೆ. ಡ್ರಮ್ಮು ಉರುಳಿದರೂ ಆ ಗಡ್ಡೆ ಗೋಡೆಗೆ ಕಚ್ಚಿಕೊಂಡೇ ಮೇಲಕ್ಕೆ ಹೋಗಿ, ಅಲ್ಲೇ ನಿಂತುಬಿಡುತ್ತದೆ. ಕೆಳಗೆ ನಿಂತವರು ಹಲಗೆ ಬಿಡಿಸಲು ಸುತ್ತಿಗೆ ಬೀಸುತ್ತಾರೆ. ಅವಳು ಇದನ್ನು ಕೇಳಿ ಬಲ್ಲಳು, ಕಂಡಿರಲಿಲ್ಲ. ಆದರೆ ಕಿಂಡಿ ತೆರೆದ ಮೇಲೆ ಟಾರ್ಚ್ ಬಿಟ್ಟು ನೋಡಿದ್ದರಲ್ಲ? ತಳದಲ್ಲಿ ಗುಂಡು ಕೂತಿವೆ ಎಂದು ಕೂಗಿ ಹೇಳಿದ್ದರಲ್ಲ? ಆಚೆ ತುದಿಗೆ ಬೆಳಕು ಹೋಗುತ್ತದೆಯೇ? ಅಲ್ಲಿ ಮೇಲೆ ಯಾರಾದರೂ ನೋಡಿದರೇ? ಎದ್ದು ಹೋಗಿ ಕೇಳಬಹುದು. ಎದ್ದಳು. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟಳು. ಆ ತಣ್ಣನೆಯ ಹಿತ್ತಾಳೆ ಕೈಗೆ ತಾಗಿದ್ದೇ, ಡಾಕ್ಟರ ಸಣ್ಣ ಕೋಣೆ ನೆನಪಿಗೆ ಬಂತು.

ಅದು ಕೋಣೆಯೂ ಅಲ್ಲ, ಬೀರುವಿನಂಥ ಒಂದು ಗೂಡು, ಒಳಗೆಲ್ಲ ಹತ್ತಿಯ ಮೆತ್ತೆ. ಕಿವಿಗೆ ಎರಡು ಬಟ್ಟಲು ಕಟ್ಟಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಿ ಎಂದಿದ್ದರು. ಮೊದಮೊದಲು ಕೇಳಿತು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಗೂಡಿನ ಗಾಜಿನಿಂದ ಡಾಕ್ಟರ ಕೈ ಕಾಣುತ್ತಿತ್ತು. ಕೈ ತಿರುಗಣೆಗೆ ಹೋದಾಗಲೆಲ್ಲ ಅವಳು ಗುಂಡಿ ಒತ್ತತೊಡಗಿದಳು. ಸ್ವಲ್ಪ ಹೊತ್ತು ಬಿಟ್ಟು ಡಾಕ್ಟರು ಬಾಗಿಲು ತೆರೆದು, ಬೈಯದೆ, ಶಾಲೆಯ ಮಗುವಿಗೆ ಹೇಳುವಂತೆ, "ನನ್ನ ಕೈ ನೋಡ್ಬೇಡಿ. ಆ ಕಡೆ ತಿರುಗಿ ಕೂತ್ಕೊಳ್ಳಿ" ಎಂದರು. ಅವಳು ಗೋಡೆಗೆ ಮುಖ ಮಾಡಿ ಕೂತಳು. ಬೆವರು ಬೆನ್ನ ಮೇಲೆ ಇಳಿಯುವುದು ತಿಳಿಯುತ್ತಿತ್ತು. ಎಡಗಿವಿ ಪರವಾಗಿಲ್ಲ, ಬಲಗಿವಿ ಇಳಿದಿದೆ, ಇನ್ನೂ ಇಳಿಯುತ್ತೆ ಎಂದು ಡಾಕ್ಟರು ಹೇಳಿದ್ದನ್ನು ಅವಳು ಹೇಳಿದ್ದು ಲೋಕದಲ್ಲಿ ಒಬ್ಬನಿಗೆ, ಗಂಡನಿಗೆ. ಅವನು ಅದನ್ನು ತಂಗಿಯ ಮನೆಯಲ್ಲಿ, ಊಟಕ್ಕೆ ಕೂತವರೆಲ್ಲರ ಮುಂದೆ, ಇವಳು ಎರಡು ಸಲ ಕರೆದರೂ ತಿರುಗದಿದ್ದಾಗ, ಹೇಳಿ ನಗಿಸಿಬಿಟ್ಟ. "ಬಿಡಿ, ಅವಳ ಬಲಗಡೆ ಆಫೀಸು ಮುಚ್ಚಿದೆ." ಎಲ್ಲರೂ ನಕ್ಕರು. ನಾದಿನಿಯ ಗಂಡನಂತೂ ತುತ್ತು ನೆತ್ತಿಗೆ ಹತ್ತಿ ಕೆಮ್ಮುವಷ್ಟು ನಕ್ಕ. ಅಂದಿನಿಂದ ಅವಳು ಗಂಡನೊಡನೆ ಮಾತು ಬಿಟ್ಟಿದ್ದಳು. ಊಟ ಬಡಿಸುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು, ಮಾತಿಲ್ಲ. ಅವನು ಒಂದೆರಡು ಸಲ ಕ್ಷಮಾಪಣೆಯ ಹತ್ತಿರ ಬಂದು, ಕೆಮ್ಮಿ, ಹಿಂದೆ ಹೋಗಿದ್ದ.

ಈಗ ಹೋಗಿ, ಸದ್ದು ಕಡಿಮೆ ಬಿತ್ತು, ಎಲ್ಲರೂ ಹೊರಗೆ ಬನ್ನಿ ಎಂದರೆ? ಕೆಲಸ ನಿಲ್ಲುತ್ತದೆ, ಎಲ್ಲರೂ ಬೈದುಕೊಂಡು ಬರುತ್ತಾರೆ, ಬೀಗ ತೆಗೆಯುತ್ತಾರೆ, ಮತ್ತೆ ಡ್ರಮ್ಮು ಉರುಳಿಸಿದರೆ ಏನೂ ಇರುವುದಿಲ್ಲ. ಗುಂಡುಗಳು ಆಗಲೇ ಸರಿಯಾಗಿ ಬಿದ್ದಿರುತ್ತವೆ. ಕಡಿಮೆಯಾದದ್ದು ಸದ್ದಲ್ಲ, ಕಿವಿಯಕ್ಕನ ಕಿವಿ ಎಂದು ಆ ಕ್ಷಣ ಇಡೀ ಶೆಡ್ಡಿಗೆ ಗೊತ್ತಾಗುತ್ತದೆ. ಆಮೇಲೆ ಈ ಕುರ್ಚಿ ಯಾರಿಗೋ, ಅವಳಿಗೆ ಸ್ಟೋರಿನಲ್ಲಿ ಬೋಲ್ಟು ಎಣಿಸುವ ಕೆಲಸ. ಅವಳು ಹಿಡಿಕೆಯಿಂದ ಕೈ ತೆಗೆದಳು. ವಾಪಸು ಬಂದು ಕೂತು ಪ್ಯಾನೆಲ್ಲು ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ಗಾಜಿನಾಚೆ, ಕಿಂಡಿಯ ಒಳಗೆ ದೀಪದ ವೈರು ಹಾವಿನ ಹಾಗೆ ಇಂಚಿಂಚಾಗಿ ಹೋಗುತ್ತಿತ್ತು. ಒಳಗೆ ದೀಪ ಕಟ್ಟಿದ ಮೇಲೆ ಸುತ್ತಿಗೆ. ದೀಪ ಕಟ್ಟುವವರೆಗೆ ಹೊತ್ತಿದೆ ಎಂದು ಅವಳು ಯೋಚಿಸಿದಳು. ಯಾವುದಕ್ಕೆ ಹೊತ್ತಿದೆ ಎಂದು ಕೇಳಿಕೊಳ್ಳಲಿಲ್ಲ.

ಆದರೂ ಕಾಲು ಸುಮ್ಮನಿರಲಿಲ್ಲ. ಬೀಗಗಳಾದರೂ ಸರಿಯಾಗಿವೆಯೇ ನೋಡಿ ಬರೋಣ ಎಂದು ತನಗೆ ತಾನೇ ಒಂದು ನೆಪ ಹೇಳಿಕೊಂಡು ಮೇನ್ ಸ್ವಿಚ್ಚಿನ ಕೋಣೆಗೆ ಹೋದಳು. ಅಲ್ಲಿ ಕಪ್ಪು ಹಿಡಿಕೆ ಕೆಳಗೆ ಬಾಗಿತ್ತು. ಅದರ ಕೊಂಡಿಗೆ ಬೀಗಗಳು ಗೊಂಚಲಾಗಿ ಜೋತುಬಿದ್ದಿದ್ದವು, ಕೆಂಪು, ಹಳದಿ, ನೀಲಿ. ಅಂಗೈಯಲ್ಲಿ ಮುಚ್ಚಿಹೋಗುವಂಥ ಸಣ್ಣ ಬೀಗಗಳು. ಇವು ಹಿಡಿದಿರುವುದು ಏನನ್ನು ಎಂದು ಅವಳು ನೆನೆದಳು. ಈ ಕೋಣೆಗೆ ಬರುವ ತಂತಿಗಳ ಹಿಂದೆ ಎಲ್ಲೋ ಒಂದು ನದಿ ಬೀಳುತ್ತಿತ್ತು, ಎಲ್ಲೋ ಬೆಂಕಿ ಉರಿಯುತ್ತಿತ್ತು. ಅಷ್ಟು ದೂರದಿಂದ ಓಡೋಡಿ ಬಂದ ಶಕ್ತಿ ಈ ಹಿಡಿಕೆಯ ತನಕ ಬಂದು, ಹಿತ್ತಾಳೆಯ ಒಂದು ಚೂರನ್ನು ಕಂಡು, ನಿಂತುಕೊಂಡಿತ್ತು. ಯಾರದೋ ಪ್ಯಾಂಟಿನ ಜೇಬಿನಲ್ಲಿ, ಬೀಡಿಕಟ್ಟಿನ ಪಕ್ಕದಲ್ಲಿರುವ ಕೀಲಿ ಬರುವ ತನಕ ಅದು ಕಾಯಬೇಕು. ಪ್ರತಿ ಬೀಗದ ಕೆಳಗೂ ಒಂದು ಚೀಟಿ, ಫೋಟೋ, ಮತ್ತು ಎಲ್ಲ ಚೀಟಿಯಲ್ಲೂ ಒಂದೇ ಸಾಲು: ತೆಗೆಯಬೇಡಿ, ನಾನು ಒಳಗಿದ್ದೇನೆ. ಎಷ್ಟೋ ವರ್ಷದಿಂದ ಕಾಣುತ್ತಿದ್ದ ಅಕ್ಷರ. ಇಂದು ಗಂಡನ ಚೀಟಿಯನ್ನು ತಿರುಗಿಸಿ ಹಿಡಿದು ಓದಿದಾಗ, ಇಷ್ಟು ದಿನ ಬಾಯಿ ಬಿಡದಿದ್ದ ಮನುಷ್ಯ ಕಿವಿಯ ಬಳಿ ಬಂದು ಹೇಳಿದ ಹಾಗಾಯಿತು. ಫೋಟೋದಲ್ಲಿ ಅವನಿಗೆ ತಲೆತುಂಬ ಕೂದಲಿತ್ತು. ಕ್ಯಾಮೆರಾದವನು ನಗಬೇಡಿ ಎಂದಿರಬೇಕು, ತುಟಿ ಬಿಗಿಹಿಡಿದು ಕಣ್ಣಲ್ಲಿ ನಗುತ್ತಿದ್ದ. ನಾನು ಒಳಗಿದ್ದೇನೆ.

ಬೀಗವಿರುವುದು ಕರೆಂಟಿಗೆ. ಮೇಲೆ ಕಚ್ಚಿಕೊಂಡು ನಿಂತ ಭಾರಕ್ಕೆ ಬೀಗ ಎಲ್ಲಿದೆ? ಅದು ಯಾವ ತಂತಿಯಿಂದಲೂ ಬಂದದ್ದಲ್ಲ, ಯಾವ ಸ್ವಿಚ್ಚಿಗೂ ಆರುವುದಿಲ್ಲ. ಎತ್ತರದಲ್ಲಿರುವುದೇ ಅದರ ಶಕ್ತಿ. ಅದನ್ನು ಅಷ್ಟು ಎತ್ತರಕ್ಕೆ ಹೊತ್ತು ಇಟ್ಟವಳು ತಾನು, ಈ ಬೆರಳಿನಿಂದ ಗುಂಡಿ ಒತ್ತಿ. ಆಗ ಹೊರಗಿನಿಂದ ಠಣ್ ಎಂದು ಒಂದು ಸದ್ದು ಬಂತು. ಸುತ್ತಿಗೆಯಲ್ಲ, ಸುತ್ತಿಗೆಯನ್ನು ಯಾರೋ ಮೆಟ್ಟಿಲ ಮೇಲೆ ಇಳಿಸಿದ್ದು. ಅವಳು ಓಡಿದಳು. ಯೋಚಿಸಿ ಓಡಿದ್ದಲ್ಲ. ಆಮೇಲೆ ನೆನಪಿಸಿಕೊಂಡಾಗಲೂ ಆ ಕೋಣೆಯಿಂದ ಕಿಂಡಿಯವರೆಗಿನ ದಾರಿ ಅವಳಿಗೆ ನೆನಪಿಗೆ ಬರಲಿಲ್ಲ.

ಕಿಂಡಿಯ ಬಳಿ ಎಂಜಿನಿಯರು ನಿಂತಿದ್ದ. ಈ ಶೆಡ್ಡಿಗೆ ಹೊಸಬ, ಕಡಿಮೆ ಮಾತಿನವನು. "ಸಾರ್, ಕೆಲಸ ನಿಲ್ಸಿ" ಎಂದಳು. ಏದುಸಿರಿಗೆ ಮಾತು ತುಂಡುತುಂಡಾಗಿ ಬಂತು. "ಬೆಳಿಗ್ಗೆ ಉರುಳಿಸಿದಾಗ... ಪೂರ್ತಿ ಬಿದ್ದಿಲ್ಲ ಅನ್ಸುತ್ತೆ. ಮೇಲೆ ಎಲ್ಲೋ ಹಿಡ್ಕೊಂಡಿದೆ."

"ಅನ್ಸುತ್ತೋ, ಗೊತ್ತೋ?"

"ಗೊತ್ತಿಲ್ಲ. ಸದ್ದು ಕಡಿಮೆ ಬಂತು." ಇಷ್ಟು ಹೇಳಿ ನಿಲ್ಲಿಸಬಹುದಿತ್ತು. "ಸದ್ದೇ ಕಡಿಮೆಯೋ, ನನಗೆ ಕೇಳಿಸಿದ್ದು ಕಡಿಮೆಯೋ, ಅದೂ ಗೊತ್ತಿಲ್ಲ" ಎಂದು ತನ್ನ ಬಾಯಿ ಹೇಳುವುದನ್ನು ಅವಳೇ ಕೇಳಿದಳು.

ಅವನು ಅವಳ ಮುಖವನ್ನು ಒಮ್ಮೆ ನೋಡಿದ. ಪ್ರಶ್ನೆ ಕೇಳುತ್ತಾನೆ, ಪುರಾವೆ ಕೇಳುತ್ತಾನೆ, ಮೇಲಿನವರಿಗೆ ಫೋನು ಮಾಡುತ್ತಾನೆ ಎಂದು ಕಾದಳು. ಅವನು ಕಿಂಡಿಗೆ ಬಗ್ಗಿ, "ಎಲ್ಲ ಹೊರಗೆ ಬನ್ನಿ" ಎಂದ. ಅಷ್ಟೇ. ಒಳಗಿನಿಂದ ಯಾರೋ ಏನಾಯ್ತು ಎಂದರು. "ಹೊರಗೆ ಬಂದ್ಮೇಲೆ ಹೇಳ್ತೀನಿ. ಏನೂ ಮುಟ್ಬೇಡಿ, ಬಡೀಬೇಡಿ, ಬನ್ನಿ." ಒಬ್ಬ ಹೆಂಗಸಿನ ಒಂದು ಅನುಮಾನ, ಅದೂ ಅರೆಬೆಂದ ಅನುಮಾನ, ಇಷ್ಟು ದೊಡ್ಡ ಕೆಲಸವನ್ನು ನಿಲ್ಲಿಸಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ. ನಿಯಮ ಗೊತ್ತಿತ್ತು, ಗೋಡೆಯ ಮೇಲೆ ಬರೆದಿದ್ದರು. ಅದು ನಿಜವಾಗಿ ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ.

ಒಬ್ಬೊಬ್ಬರಾಗಿ ಹೊರಗೆ ತೂರಿದರು, ಮೊದಲು ಹೆಲ್ಮೆಟ್ಟು, ಆಮೇಲೆ ಭುಜ, ಆಮೇಲೆ ಬೈಗುಳ. ಈಗ ತಾನೇ ಒಳಗೆ ಹೋಗಿ ಕಾಲೂರಿದ್ದೆವು ಎಂದು ಒಬ್ಬ ಗೊಣಗಿದ. ವೆಲ್ಡರು ಬಂದು, ವಿಷಯ ತಿಳಿದು, ಮೀಸೆಯಲ್ಲೇ ನಗಲು ಶುರುಮಾಡಿದ. "ಅಯ್ಯೋ ಅಕ್ಕಾ, ನಿಮ್ಮ ಕಿವಿ ಮಾತು ಕೇಳಿ ನಮ್ಮನ್ನೆಲ್ಲ ಹೊರಗೆ ಹಾಕಿಸಿದ್ರಾ? ಆ ಕಿವಿಗೆ ಡಾಕ್ಟ್ರೇ ರಜೆ ಬರೆದುಕೊಟ್ಟಿದಾರಲ್ಲ! ಅಲ್ವಾ ಭಾವ?" ಯಾರೋ ನಕ್ಕರು. ಇನ್ನೊಬ್ಬರು ಯಾವ ಡಾಕ್ಟ್ರು, ಏನು ಕಥೆ ಎಂದರು. ಎಂಜಿನಿಯರು ಅವಳತ್ತ ತಿರುಗಿದ. ಅವಳು ನೆಲ ನೋಡಿದಳು; ನೆಲದ ಮೇಲೆ ಗ್ರೀಸಿನ ಒಂದು ಕಲೆಯಿತ್ತು, ಅದಕ್ಕೊಂದು ಬಾಲವಿತ್ತು. ಎಲ್ಲರಿಗಿಂತ ಕೊನೆಗೆ ಬಂದ ಗಂಡ ಕಿಂಡಿಯ ಅಂಚಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕೂತಿದ್ದ. ಈಗ ಅವನು ಹೌದು ಎಂದರೆ ಸಾಕು. ಹೌದೆನ್ನುವುದೂ ಬೇಡ, ಸುಮ್ಮನೆ ನಕ್ಕರೆ ಸಾಕು, ಎಲ್ಲರೂ ನಗುತ್ತ ಮತ್ತೆ ಒಳಗೆ ಹೋಗುತ್ತಾರೆ. ಅವಳು ಗ್ರೀಸಿನ ಬಾಲವನ್ನೇ ನೋಡಿದಳು.

ಗಂಡ ಇಳಿದು ಬಂದ. ಕೈಗವಸು ಕಳಚಿದ. "ನಗೋದು ಆಮೇಲೆ ನಗೋಣ" ಎಂದ, ಭಾವಮೈದುನನ ಮುಖ ನೋಡದೆ. "ದೀಪ ಎಳ್ದು ಕಿಂಡಿ ಮುಚ್ಚಿ, ಬೀಗ ತೆಗಿ ನಡಿ."

ಬೀಗ ತೆಗೆಯುವುದು ಹಾಕುವುದರ ಹಾಗಲ್ಲ. ಹಾಕುವಾಗ ಗದ್ದಲ, ತೆಗೆಯುವಾಗ ಸರದಿ. ಪ್ರತಿಯೊಬ್ಬನೂ ತನ್ನ ಜೇಬಿನಿಂದ ತನ್ನ ಕೀಲಿ ತೆಗೆದು, ತನ್ನ ಫೋಟೋ ನೋಡಿಕೊಂಡು, ತನ್ನದನ್ನೇ ತೆಗೆಯಬೇಕು. ಒಬ್ಬನದನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ವೆಲ್ಡರಿಗೆ ಕೀಲಿ ಸಿಗಲಿಲ್ಲ. ಪ್ಯಾಂಟು ತಡಕಿದ, ಅಂಗಿ ತಡಕಿದ, ಬೂಟು ಬಿಚ್ಚಿ ಕೊಡವಿದ, ಕೊನೆಗೆ ಹೆಲ್ಮೆಟ್ಟಿನ ಪಟ್ಟಿಯಲ್ಲಿ ಸಿಕ್ಕಿಸಿದ್ದು ನೆನಪಾಯಿತು. ಅಷ್ಟು ಹೊತ್ತೂ ಆ ಒಂದು ಬೀಗಕ್ಕಾಗಿ ಇಡೀ ಶೆಡ್ಡು ಕಾದು ನಿಂತಿತು. ಯಾರೂ ಒಡೆಯೋಣ ಎನ್ನಲಿಲ್ಲ. ಮನುಷ್ಯನಿಗೆ ಮನುಷ್ಯ ಕೊಡುವ ಬೆಲೆ ಇಷ್ಟು ಸಣ್ಣ ಜಾಗದಲ್ಲಿ ನೇತುಬಿದ್ದಿರುತ್ತದೆಯೇ ಎಂದು ಅವಳು ಬೆರಗಾಗಿ ನೋಡುತ್ತಿದ್ದಳು. ಮನೆಯಲ್ಲಿ, ಓಣಿಯಲ್ಲಿ, ಬಸ್ಸಿನಲ್ಲಿ ಒಬ್ಬರನ್ನೊಬ್ಬರು ತುಳಿದುಕೊಂಡು ಓಡುವ ಇವೇ ಜನ. ಕೊನೆಯ ಬೀಗ ಅವಳದು. ತೆಗೆದಳು. ಹಿಡಿಕೆ ಮೇಲಕ್ಕೆ ಹೋಯಿತು, ಎಲ್ಲರೂ ಹಳದಿ ಗೆರೆಯಾಚೆ ನಿಂತರು, ಗೂಟ ಕಳಚಿ ಬ್ರೇಕು ಸಡಿಲಿಸುವ ಮೊದಲು ನಿಧಾನದ ಮೋಟಾರಿನ ಹಿಡಿತಕ್ಕೆ ಡ್ರಮ್ಮನ್ನು ಕೊಟ್ಟರು. ಅವಳು ಕುರ್ಚಿಯಲ್ಲಿ ಕೂತು ಸೈರನ್ ಹಾಕಿ, ಗುಂಡಿಯ ಮೇಲೆ ಬೆರಳಿಟ್ಟಳು. ಎಂಜಿನಿಯರು ಹಿಂದೆ ಬಂದು ನಿಂತಿದ್ದ. ಗಂಡ ಗಾಜಿನಾಚೆ ನಿಂತಿದ್ದ, ಈ ಸಲ ಮುಖ ಇತ್ತ ಮಾಡಿಕೊಂಡು.

ಒತ್ತಿದಳು. ಡ್ರಮ್ಮು ಹೊರಳಿತು, ಮುದುಕಿಯೊಬ್ಬಳು ಮಗ್ಗುಲು ಬದಲಿಸುವ ಹಾಗೆ. ತಳದ ಗುಂಡುಗಳು ಗಳಗಳ ಸುರಿದವು, ಬೆಳಿಗ್ಗೆ ಕೇಳಿದ್ದೇ ಸದ್ದು, ಅಷ್ಟೇ. ಇನ್ನೂ ಸ್ವಲ್ಪ ಹೊರಳಿತು. ಮತ್ತೆ ಗಳಗಳ. ಇನ್ನೂ ಸ್ವಲ್ಪ. ಏನೂ ಇಲ್ಲ. ಬೆರಳು ಗುಂಡಿಗೆ ಅಂಟಿದಂತಿತ್ತು. ಸ್ಟೋರಿನ ಕತ್ತಲು, ಬೋಲ್ಟುಗಳ ಡಬ್ಬಿ ಎಲ್ಲ ಕಣ್ಣ ಮುಂದೆ ಬಂದವು. ಮರುಕ್ಷಣವೇ, ಹಾಗೇ ಆಗಲಪ್ಪಾ, ಕಿವಿಯೇ ಹೋಗಿರಲಿ, ಒಳಗೆ ಏನೂ ಇಲ್ಲದಿರಲಿ ಎಂದು ಮನಸ್ಸು ಬೇಡಿಕೊಂಡಿತು. ವೆಲ್ಡರು ಗಾಜಿನಾಚೆ ಯಾರಿಗೋ ಏನೋ ಹೇಳಿ ಕೈ ಆಡಿಸುತ್ತಿದ್ದ. ಅವನ ಕೈ ಗಾಳಿಯಲ್ಲೇ ನಿಂತಿತು.

ಅದು ಮೊದಲು ಬಂದದ್ದು ಕಿವಿಗಲ್ಲ. ಪಾದದಿಂದ ಬಂತು. ನೆಲ ಒಮ್ಮೆ ಕೆಳಗೆ ಹೋಗಿ ಮೇಲೆ ಬಂದ ಹಾಗೆ, ಕುರ್ಚಿಯ ಕಾಲುಗಳಿಂದ ಬೆನ್ನುಮೂಳೆಗೆ ಹತ್ತಿ, ಎದೆಯ ಗೂಡಿನಲ್ಲಿ ಒಂದು ಸಲ ತಿರುಗಿತು. ಆಮೇಲೆ ಸದ್ದು. ಅವಳು ಇಷ್ಟು ವರ್ಷ ಕೇಳಿದ್ದ ಯಾವ ಸದ್ದೂ ಅದರ ಹತ್ತಿರ ಬರುವಂತಿರಲಿಲ್ಲ, ಅವೆಲ್ಲ ಲಕ್ಷ ಚೂರುಗಳ ಸದ್ದು, ಇದು ಒಂದೇ. ಒಂದು ಮನೆ ಚಾವಣಿ ಸಮೇತ ಇಡಿಯಾಗಿ ಬಿದ್ದ ಹಾಗೆ ಬಿದ್ದಿತು. ಕಿಟಕಿಯ ಗಾಜು ಕಿರುಗುಟ್ಟಿತು, ತೊಲೆಗಳ ಮೇಲಿನ ವರ್ಷಗಳ ಧೂಳು ಶೆಡ್ಡಿನ ಉದ್ದಕ್ಕೂ ಪರದೆಯ ಹಾಗೆ ಇಳಿಯಿತು. ಅವಳು ಬೆರಳು ತೆಗೆದಳು. ಡ್ರಮ್ಮು ತನ್ನ ತೂಕಕ್ಕೆ ತಾನೇ ಮೋಟಾರನ್ನು ಜಗ್ಗಿ, ತೂಗಿ, ನಿಂತಿತು. ವೆಲ್ಡರು ಇಳಿಯುವ ಧೂಳಿನೊಳಗೆ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ, ದೊಡ್ಡವರು ಯಾರೋ ಎದುರಿಗೆ ಬಂದ ಹಾಗೆ. ಅವಳ ಹಿಂದೆ ಎಂಜಿನಿಯರು ಉಸಿರು ಬಿಟ್ಟದ್ದು ಕೇಳಿತು.

ಅವಳು ಅವನತ್ತ ಕುರ್ಚಿ ತಿರುಗಿಸಿದಳು. "ನನ್ನ ಬಲಗಿವಿ ಇಳಿದಿದೆ ಸಾರ್. ವೆಲ್ಡರು ಹೇಳಿದ್ದು ಸುಳ್ಳಲ್ಲ. ಇವತ್ತು ಸರಿಹೋಯ್ತು, ನಾಳೆ ಹೋಗದೆ ಇರಬಹುದು."

"ಹೂಂ" ಎಂದ ಅವನು. ಅವನ ಕಣ್ಣು ಇನ್ನೂ ಗಾಜಿನಾಚೆಯೇ ಇತ್ತು. "ಈ ಮೋಟಾರಿಗೆ ಒಂದು ಮೀಟರ್ ಹಾಕಿಸೋಣ. ಒಳಗೆ ಹೋಗೋ ಮೊದಲು ಆಚೆ ತುದಿಗೂ ದೀಪ ಬಿಟ್ಟು ನೋಡೋಣ, ಮೇಲ್ಗಡೆ ಪೂರಾ." ಆಮೇಲೆ, "ನೀವು ಎಷ್ಟು ಹೊತ್ತಿಂದ ಯೋಚನೆ ಮಾಡ್ತಿದ್ರಿ ಇದನ್ನ?" ಎಂದು ಕೇಳಿದ.

ಅವಳು ಬಾಗಿಲ ಹಿಡಿಕೆಯತ್ತ ನೋಡಿದಳು. "ತಡ ಮಾಡಿದೆ" ಎಂದಳು. "ಹೊತ್ತಿತ್ತು ನನಗೆ. ಕೂತಿದ್ದೆ." ಅವನು ಸಮಾಧಾನ ಹೇಳಲು ಹೋಗಲಿಲ್ಲ. ಅದು ಅವಳಿಗೆ ಒಂದು ಥರ ಒಳ್ಳೆಯದೆನಿಸಿತು. ಪ್ಯಾನೆಲ್ಲು ಒರೆಸುತ್ತ ಕೂತಿದ್ದ ಆ ಹೊತ್ತು ಯಾರು ಕ್ಷಮಿಸಿದರೂ ಇಳಿಯುವಂಥದಲ್ಲ, ಅದು ತನ್ನ ಬಳಿಯೇ ಇರಬೇಕಾದದ್ದು.

ಮತ್ತೆ ಎಲ್ಲವೂ ಮೊದಲಿಂದ ಆಯಿತು. ಕಿಂಡಿ ನೇರಕ್ಕೆ ಬಂತು, ಗೂಟ ಬಿತ್ತು, ಹಿಡಿಕೆ ಬಾಗಿತು, ಬೀಗಗಳು ಒಂದರ ಪಕ್ಕ ಒಂದು ಕಚ್ಚಿಕೊಂಡವು, ಕಿಂಡಿ ತೆರೆಯಿತು. ಈ ಸಲ ಯಾರೂ ಗದ್ದಲ ಮಾಡಲಿಲ್ಲ, ವೆಲ್ಡರು ತನ್ನ ಬೀಗ ಹಾಕಿ, ಜಗ್ಗಿ ನೋಡಿ, ಅವಳ ಹತ್ತಿರ ಬಂದು, "ಅಕ್ಕಾ..." ಎಂದು ನಿಂತ. "ಹೋಗಪ್ಪಾ, ಕೆಲಸ ನೋಡು" ಎಂದಳು. ಎರಡು ದೊಡ್ಡ ದೀಪ ಹಿಡಿದು ಗಂಡ ಮತ್ತು ಎಂಜಿನಿಯರು ಮೊದಲು ಒಳಗೆ ಹೋಗಿ, ಆಚೆ ತುದಿಯವರೆಗೆ, ಮೇಲೆ ಕೆಳಗೆ ಎಲ್ಲ ನೋಡಿ ಬಂದರು. ಹೊರಗೆ ಬಂದ ಗಂಡ ಬೆವರಿದ್ದ. ಅವಳ ಎದುರು ನಿಂತು, "ನೋಡ್ತೀಯಾ?" ಎಂದ. ಅವಳು ಎಂಜಿನಿಯರನ್ನು ನೋಡಿದಳು. "ನಿಮ್ಮ ಬೀಗ ಇದೆಯಲ್ಲ ಅಲ್ಲಿ, ಹೋಗಿ ಬನ್ನಿ" ಎಂದ ಅವನು.

ಕಿಂಡಿಯ ಅಂಚು ಹೊಟ್ಟೆಗೆ ಒತ್ತಿತು, ಆಮೇಲೆ ಕಾಲ ಕೆಳಗೆ ಗುಂಡುಗಳು ಜಾರಿದವು, ಗಂಡ ಮೊಣಕೈ ಹಿಡಿದ. ದೀಪದ ಬೆಳಕಿಗೆ ಕಣ್ಣು ಹೊಂದಿಕೊಂಡಾಗ ಅವಳು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಳು. ಇಷ್ಟು ವರ್ಷ ಆ ಸದ್ದಿನಿಂದ ಅವಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಒಳಗು ಬೇರೆಯೇ ಇತ್ತು, ಹರಿದು, ಜಜ್ಜಿ, ಹಲ್ಲು ಹಲ್ಲಾಗಿ. ಇಲ್ಲಿ ಚೂಪಾದದ್ದು ಒಂದೂ ಇರಲಿಲ್ಲ. ಉಕ್ಕಿನ ಹಲಗೆಗಳು ಸವೆದು ಸವೆದು ಅಲೆಗಳಾಗಿದ್ದವು, ಒಂದರ ಹಿಂದೆ ಒಂದು, ಗೋಡೆ ಹತ್ತಿ, ತಲೆಯ ಮೇಲೆ ಬಾಗಿ, ಇನ್ನೊಂದು ಕಡೆ ಇಳಿದು ಬರುವ ಅಲೆಗಳು. ದೀಪ ಅಲುಗಿದರೆ ಬೆಳಕು ಅವುಗಳ ಬೆನ್ನಮೇಲೆ ಓಡುತ್ತಿತ್ತು. ಕಾಲ ಕೆಳಗಿನ ಗುಂಡುಗಳಲ್ಲಿ ಕೆಲವು ಇನ್ನೂ ಮೋಸಂಬಿಯಷ್ಟಿದ್ದವು, ಕೆಲವು ಸವೆದು ಗೋಲಿಯಾಗಿದ್ದವು, ಎಲ್ಲವೂ ನುಣ್ಣಗೆ, ಎಲ್ಲದರಲ್ಲೂ ಒಂದೊಂದು ದೀಪ. ಗುಡ್ಡವನ್ನು ಹಿಟ್ಟು ಮಾಡುವ ಕೋಪ ಒಳಗಿನಿಂದ ಇಷ್ಟು ನುಣುಪಾಗಿರುತ್ತದೆಂದು ಯಾರು ತಾನೇ ಊಹಿಸುತ್ತಾರೆ? ಅವಳ ಉಸಿರು ಗೋಡೆಗೆ ಹೋಗಿ, ದೊಡ್ಡದಾಗಿ, ವಾಪಸು ಬರುತ್ತಿತ್ತು. ಆಚೆ ತುದಿಯಲ್ಲಿ ಆ ಗಡ್ಡೆ ಬಿದ್ದಿತ್ತು, ಒಡೆದು ಮೂರು ಬಂಡೆಗಳಾಗಿ, ಒಂದೊಂದೂ ಅವಳ ಎದೆಯೆತ್ತರ. ಒಡೆದ ಮೈಯಲ್ಲಿ ಗುಂಡುಗಳು ದಾಳಿಂಬೆಯ ಕಾಳಿನ ಹಾಗೆ ಕೂತಿದ್ದವು. ಅಲ್ಲಿಯ ಉಕ್ಕಿನ ಅಲೆಯೊಂದು ಚಪ್ಪಟೆಯಾಗಿ ಬಗ್ಗಿಹೋಗಿತ್ತು.

ಗಂಡ ಅವಳ ಬಲಗಡೆ ನಿಂತು ಏನೋ ಹೇಳಿದ. ತುಟಿ ಅಲುಗಿದ್ದು ಕಂಡಿತು. ಮಾತು ಉಕ್ಕಿನ ಗೋಡೆಗಳ ಮೇಲೆ ಚದುರಿ, ಕಲಸಿ, ಅವಳವರೆಗೆ ಬರುವಷ್ಟರಲ್ಲಿ ಬರೀ ಗುಂಯ್‌ಗುಡುವ ಶಬ್ದವಾಗಿತ್ತು. ಹೂಂ ಎಂದುಬಿಡಬಹುದಿತ್ತು. ಎಷ್ಟೋ ತಿಂಗಳಿಂದ ಎಲ್ಲರಿಗೂ ಹಾಗೆ ಹೂಂ ಎನ್ನುತ್ತಲೇ ಬಂದಿದ್ದಳು.

"ರೀ, ಆ ಕಡೆಯಿಂದ ನನಗೆ ಕೇಳಲ್ಲ" ಎಂದಳು. "ಈ ಕಡೆ ಬನ್ನಿ."

ಅವನು ಜಾರುವ ಗುಂಡುಗಳ ಮೇಲೆ ಒಂದೊಂದೇ ಹೆಜ್ಜೆ ಊರಿ, ಒಮ್ಮೆ ಮುಗ್ಗರಿಸಿ, ಅವಳ ಭುಜ ಹಿಡಿದುಕೊಂಡು, ಬೆನ್ನ ಹಿಂದಿನಿಂದ ಸುತ್ತಿ ಎಡಗಡೆಗೆ ಬಂದ. ಅಷ್ಟು ಹತ್ತಿರ ಬಂದು ಹೇಳಿದ್ದು ತುಂಬ ಸಣ್ಣ ಮಾತು.

"ನೀನು ಹೊರಗೆ ಕರೆಸಿದಾಗ ಅಲ್ಲೇ ನಿಂತಿದ್ದೆ. ಆ ಬಂಡೆ ಇದೆಯಲ್ಲ, ಅಲ್ಲೇ. ದೀಪ ಕಟ್ಟೋಕೆ ಮೇಲೆ ಕೊಂಡಿ ಹುಡುಕ್ತಿದ್ದೆ, ಗೋಡೆಗೆ ಒಂದು ಏಟು ಹೊಡೆದು ನೋಡೋಣ ಅಂತ ಸುತ್ತಿಗೆ ಕೇಳಿದ್ದೆ."

ಅವಳಿಗೆ ಪ್ರತಿ ಅಕ್ಷರವೂ ಕೇಳಿಸಿತು. ಅವಳು ತಲೆ ಎತ್ತಿದಳು, ಅವನೂ ಎತ್ತಿದ. ಮೇಲೆ ಉಕ್ಕಿನ ಅಲೆಗಳು ಬಾಗಿ ಹೋಗುತ್ತಿದ್ದವು. ನಡುವೆ ಗಡ್ಡೆ ಕಚ್ಚಿಕೊಂಡಿದ್ದ ಜಾಗ ಹಸಿ ಗಾಯದ ಹಾಗೆ, ಬೂದು ಬಣ್ಣದ ದೊಡ್ಡ ಕಲೆಯಾಗಿ ಉಳಿದಿತ್ತು. ಅದರಿಂದ ಇನ್ನೂ ಸಣ್ಣ ಸಣ್ಣ ಪುಡಿ, ಹಿಟ್ಟಿನಷ್ಟು ಸಣ್ಣ ಪುಡಿ, ದೀಪದ ಬೆಳಕಿನಲ್ಲಿ ಯಾವ ಸದ್ದೂ ಇಲ್ಲದೆ ಇಳಿದು ಬಂದು ಅವರ ಹೆಲ್ಮೆಟ್ಟುಗಳ ಮೇಲೆ, ಭುಜಗಳ ಮೇಲೆ ಕೂರುತ್ತಿತ್ತು. ಇಬ್ಬರೂ ಅದನ್ನು ಕೊಡವಿಕೊಳ್ಳಲಿಲ್ಲ.